ಫೋಟೋ ಹಾಕಿದ್ದೀರಿ, ಅಕ್ಷರ ಎಲ್ಲಿ?

ಹಾಸನ ಜಿಲ್ಲೆಯ ಮೇಷ್ಟ್ರೊಬ್ಬರು ಬರೆದಿದ್ದಾರೆ: “ನಮ್ಮ ಶಿಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ ಕಣ್ಣು ಕಾಣದ ಸಹೋದ್ಯೋಗಿಯೊಬ್ಬರಿದ್ದಾರೆ. ಸುತ್ತೋಲೆಯ ಫೋಟೋ ಹಾಕಿದಾಗಲೆಲ್ಲ ‘ಟೈಪ್ ಮಾಡಿ ಹಾಕಿ ಸರ್’ ಅಂತಾರೆ. 180 ಜನರ ಗ್ರೂಪಿನಲ್ಲಿ ಒಬ್ಬರಿಗಾಗಿ ಇಷ್ಟೆಲ್ಲ ಮಾಡಬೇಕೇ? ಅವರ ಫೋನು ಓದಿ ಹೇಳುತ್ತದಂತಲ್ಲ? ನನಗೂ ವಯಸ್ಸಾಗಿದೆ. ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡೇ ಓದುವವನು ನಾನು. ಟೈಪಿಂಗ್ ಕಷ್ಟ.”

ಮೇಷ್ಟ್ರೇ, ನಿಮ್ಮ ಕಷ್ಟ ನಿಜ. ಸುತ್ತೋಲೆ ಬರುವುದೇ ಸ್ಕ್ಯಾನ್ ಆಗಿ. ಮೊಹರು, ಸಹಿ ಎಲ್ಲ ಕಾಣಬೇಕಾದರೆ ಫೋಟೋ ಬೇಕೇ ಬೇಕು. ಅದನ್ನು ಒಪ್ಪಿದೆ. ಆದರೆ “ಫೋನು ಓದಿ ಹೇಳುತ್ತದಂತಲ್ಲ” ಎಂದಿರಲ್ಲ, ಆ ಮಾತನ್ನು ಬಿಡುವ ಹಾಗಿಲ್ಲ. ಅದು ನಿಮ್ಮೊಬ್ಬರ ಮಾತಲ್ಲ. ನಾಡಿನ ಅರ್ಧ ಜನ ಹಾಗೇ ಅಂದುಕೊಂಡಿದ್ದಾರೆ.

ಫೋನು ಏನನ್ನು ಓದುತ್ತದೆ? ಆಂಡ್ರಾಯ್ಡಿನ ಟಾಕ್‌ಬ್ಯಾಕ್ ಆಗಲಿ, ಐಫೋನಿನ ವಾಯ್ಸ್‌ಓವರ್ ಆಗಲಿ, ಪರದೆಯ ಮೇಲೆ ಅಕ್ಷರವಾಗಿ ಇರುವುದನ್ನು ಓದುತ್ತದೆ. ಚಿತ್ರದೊಳಗಿನ ಅಕ್ಷರ ಅದಕ್ಕೆ ಬಹುಮಟ್ಟಿಗೆ ಬರೀ ಚಿತ್ರ. ನೀವು ಹಾಕಿದ ಸುತ್ತೋಲೆ ನಿಮ್ಮ ಸಹೋದ್ಯೋಗಿಯ ಕಿವಿಗೆ ಸಾಮಾನ್ಯವಾಗಿ “ಫೋಟೋ” ಎಂಬ ಒಂದು ಪದವಾಗಿ ತಲುಪುತ್ತದೆ. ಸಭೆ ಎಷ್ಟು ಗಂಟೆಗೆ, ಎಲ್ಲಿ, ಯಾವ ದಾಖಲೆ ತರಬೇಕು, ಒಂದೂ ಇಲ್ಲ. ಚಿತ್ರದಿಂದ ಅಕ್ಷರ ಎತ್ತುವ ಆ್ಯಪ್‌ಗಳು, ಸೌಲಭ್ಯಗಳು ಈಗ ಬಂದಿವೆ, ನಿಜ. ಆದರೆ ಓರೆಯಾಗಿ ತೆಗೆದ ಫೋಟೋ, ಮಸುಕು ಜೆರಾಕ್ಸ್, ಅಂಚಿನಲ್ಲಿ ಕೈಬರಹದ ತಿದ್ದುಪಡಿ ಇದ್ದರೆ ಅವು ತಡವರಿಸುತ್ತವೆ. ತಾರೀಕು ತಪ್ಪಿದರೆ ಗತಿಯೇನು?

ಕಳೆದ ಮಳೆಗಾಲದಲ್ಲಿ ನಮ್ಮ ಓದುಗರಲ್ಲಿ ಒಬ್ಬ ಹುಡುಗ ಕಚೇರಿಗೆ ಬಂದಿದ್ದ. ಹುಟ್ಟಿನಿಂದ ದೃಷ್ಟಿ ಇಲ್ಲ. ಜೇಬಿನಿಂದ ಫೋನು ತೆಗೆದು ನಮ್ಮ ಪತ್ರಿಕೆಯ ಪುಟ ತೆರೆದ. ಒಂದು ಬೆರಳನ್ನು ಬಲಕ್ಕೆ ಸರಿಸುತ್ತಾನೆ, ಮುಂದಿನದು ಓದುತ್ತದೆ. ಎರಡು ಸಲ ತಟ್ಟುತ್ತಾನೆ, ತೆರೆದುಕೊಳ್ಳುತ್ತದೆ. ದನಿಯ ವೇಗ ಎಷ್ಟಿತ್ತೆಂದರೆ ನನಗೆ ಒಂದು ಪದವೂ ತಿಳಿಯಲಿಲ್ಲ. ಕಾಳು ಮಗುಚಿದಂಥ ಸದ್ದು. ನನಗಾಗಿ ನಿಧಾನ ಮಾಡಿಕೊಟ್ಟ. ತಲೆಬರಹದಿಂದ ತಲೆಬರಹಕ್ಕೆ ಜಿಗಿಯುತ್ತ ಹೋದ, ನಾವು ಕಣ್ಣಾಡಿಸುತ್ತೇವಲ್ಲ, ಹಾಗೇ. ಆಮೇಲೆ ಕವನದ ಪುಟ ಬಂತು. ಅಂದವಾಗಿ ಕಾಣಲಿ ಅಂತ ಕವನವನ್ನು ನಾವು ಚಿತ್ರವಾಗಿ ಹಾಕಿದ್ದೆವು. ಫೋನು ಫೈಲಿನ ಹೆಸರು ಓದತೊಡಗಿತು. ಐ, ಎಂ, ಜಿ, ಆಮೇಲೆ ಸಾಲಾಗಿ ಅಂಕಿಗಳು. ಹುಡುಗ ಬೆರಳು ನಿಲ್ಲಿಸಿದ. “ಇಲ್ಲಿ ಏನೋ ಇದೆ ಸರ್. ಏನು ಅಂತ ಗೊತ್ತಾಗಲ್ಲ” ಅಂದ.

ತಪ್ಪು ನಮ್ಮದು. ಚಿತ್ರ ಹಾಕಿದರೆ ಅದರ ಜೊತೆ ನಾಲ್ಕು ಪದದ ವಿವರಣೆ ಇರಲಿ ಅಂತ ವೆಬ್ಬಿನ ನಿಯಮ ರೂಪಿಸುವ ಡಬ್ಲ್ಯು ತ್ರೀ ಸಿ ಸಂಸ್ಥೆ 1999ರಲ್ಲೇ ಹೇಳಿತ್ತು.

ಕನ್ನಡಿಗರಿಗೆ ಇನ್ನೊಂದು ತೊಡಕಿದೆ, ಇದು ನಾವೇ ಉಳಿಸಿಕೊಂಡದ್ದು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪುಟ ನೋಡಲು ಕನ್ನಡ. ಒಳಗೆ ಕನ್ನಡವೇ ಇಲ್ಲ. ‘ಕನ್ನಡ’ ಎಂಬ ಪದದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೆರೆಯಿರುವ ಎ, ಅದರ ಪಕ್ಕ ಬ್ರಿಟನ್ನಿನ ಪೌಂಡ್ ಗುರುತು ಕೂತಿರುತ್ತವೆ. ಸ್ಕ್ರೀನ್ ರೀಡರ್, ಅಂದರೆ ಪರದೆ ಓದಿ ಹೇಳುವ ತಂತ್ರಾಂಶ, ಅದನ್ನೇ ಉಚ್ಚರಿಸುತ್ತದೆ. ಕನ್ನಡದ ಅಕ್ಷರಕ್ಕೆ ಅದರದೇ ಸಂಕೇತ ಕೊಡುವ ಯೂನಿಕೋಡ್ ಬಂದು ಇಷ್ಟು ವರ್ಷವಾದರೂ ಎಷ್ಟೋ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಹಳೆಯದೇ ನಡೆಯುತ್ತಿದೆ. ರಾಜ್ಯೋತ್ಸವದಲ್ಲಿ ಕನ್ನಡ ಉಳಿಸಿ ಅನ್ನುವವರು ಮೊದಲು ಇದನ್ನು ಸರಿಪಡಿಸಬೇಕು.

ಕಂಪ್ಯೂಟರ್ ವಿಷಯಕ್ಕೆ ಬಂದರೆ, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಇದೆ. ಪೂರ್ತಿ ಉಚಿತ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದರು. ಗೆಳೆಯ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ದೃಷ್ಟಿ ಇಲ್ಲ. ಆಗ ಕೊಳ್ಳಲು ಸಿಗುತ್ತಿದ್ದ ತಂತ್ರಾಂಶ ಬಡವರ ಕೈಗೆ ಎಟುಕುವಂತಿರಲಿಲ್ಲ. ಅದಕ್ಕೇ ಅವರು ತಮ್ಮದೇ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಅದರ ಜೊತೆ ಬರುವ ಇಸ್ಪೀಕ್ ದನಿ ಕನ್ನಡವನ್ನೂ ಓದುತ್ತದೆ. ಆ ಗೆಳೆಯರು ಚಿಕ್ಕಂದಿನಲ್ಲಿ ಭೇಟಿಯಾದದ್ದು ಅಂಧ ಮಕ್ಕಳ ಸಂಗೀತ ಶಿಬಿರದಲ್ಲಂತೆ. ಓದಿದಾಗ ನನಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಯಿತು. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಲ್ಲಿ ಎಷ್ಟು ಮಕ್ಕಳಿಗೆ ದಾರಿ ತೋರಿಸಿದರು! ಆ ಹೆಸರು ಕೇಳಿದರೆ ನಾವೆಲ್ಲ ಕೈ ಮುಗಿಯುತ್ತೇವೆ. ಅಂಥದೇ ಒಬ್ಬ ಹುಡುಗ ಕಲಿತು, ಕೆಲಸಕ್ಕೆ ಸೇರಿ, ಬ್ಯಾಂಕಿನ ಆ್ಯಪ್ ತೆರೆದರೆ ಅದು “ಬಟನ್, ಬಟನ್, ಬಟನ್” ಅನ್ನುತ್ತದೆ. ಯಾವುದು ಹಣ ಕಳಿಸುವ ಬಟನ್ ಅಂತ ಹೆಸರಿಡುವಷ್ಟು ವ್ಯವಧಾನ ಯಾರಿಗೂ ಇಲ್ಲ. ಮುಗಿದ ಕೈ ಇಷ್ಟು ಕೆಲಸಕ್ಕೆ ಬರುವುದಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ.

ಇದು ದಯೆ ದಾಕ್ಷಿಣ್ಯದ ವಿಷಯವೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾಹಿತಿ ಎಲ್ಲರಿಗೂ ಎಟುಕುವಂತಿರಬೇಕು ಅನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಒಂದು ಹೆಜ್ಜೆ ಮುಂದೆ ಹೋಯಿತು. ಆ್ಯಸಿಡ್ ದಾಳಿಗೆ ತುತ್ತಾದ ಹೆಣ್ಣುಮಗಳೊಬ್ಬರಿಗೆ ಬ್ಯಾಂಕ್ ಖಾತೆ ತೆರೆಯಲಾಗಿರಲಿಲ್ಲ. ಗುರುತು ಪರಿಶೀಲನೆಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅಂದಿದ್ದರು. ಅವರಿಂದ ಅದು ಆಗುವಂತಿರಲಿಲ್ಲ. ಡಿಜಿಟಲ್ ಸೌಲಭ್ಯ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು. “ಒಬ್ಬರಿಗಾಗಿ ಇಷ್ಟೆಲ್ಲ ಮಾಡಬೇಕೇ” ಅಂತ ಕೇಳಿದಿರಲ್ಲ ಮೇಷ್ಟ್ರೇ, 2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲೇ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರಿದ್ದರು. ನಿಮ್ಮ ಗ್ರೂಪಿನಲ್ಲಿ ಕೇಳುವವರು ಒಬ್ಬರು, ಅಷ್ಟೇ.

ಇನ್ನೊಂದು ಮಾತು. ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡಿದ್ದೀರಲ್ಲ, ಅದೂ ಇದೇ ಜಾತಿಯ ಸೌಲಭ್ಯ. ಸುತ್ತೋಲೆಯ ಫೋಟೋದಲ್ಲಿ ಆ ದೊಡ್ಡ ಅಕ್ಷರ ಬರುತ್ತದಾ? ಬರುವುದಿಲ್ಲ. ಎರಡು ಬೆರಳಿನಲ್ಲಿ ಹಿಗ್ಗಿಸಿ, ಅತ್ತಿತ್ತ ಎಳೆದಾಡಿ ಓದುತ್ತೀರಿ, ಅಲ್ವಾ? ಟೈಪ್ ಮಾಡಿದ್ದರೆ ನಿಮಗೂ ಸಲೀಸು.

ಪೂರ್ತಿ ಸುತ್ತೋಲೆ ಟೈಪ್ ಮಾಡಿ ಅಂತ ನಾನು ಹೇಳುತ್ತಿಲ್ಲ. ಫೋಟೋ ಹಾಕಿ, ಕೆಳಗೆ ಮೂರು ಸಾಲು ಬರೆಯಿರಿ. ಏನು, ಯಾವಾಗ, ಎಲ್ಲಿ. ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳಿದರೂ ಅಕ್ಷರವಾಗುತ್ತದೆ. ಮೂವತ್ತು ವರ್ಷ ಉಕ್ತಲೇಖನ ಹೇಳಿಸಿದ ದನಿ ನಿಮ್ಮದು, ಸುಮ್ನೆ ಒಮ್ಮೆ ಹೇಳಿ ನೋಡಿ.

ಆ ಹುಡುಗ ಹೋದ ಮೇಲೆ ನಾನೇ ಕೂತು ಕವನವನ್ನು ಟೈಪ್ ಮಾಡಿದೆ. ಹದಿನಾಲ್ಕು ಸಾಲು. ಸಂಜೆ ಅವನಿಗೆ ಕಳಿಸಿದೆ. ರಾತ್ರಿ ಊಟದ ಹೊತ್ತಿಗೆ ಉತ್ತರ ಬಂತು: “ತುಂಬಾ ಚೆನ್ನಾಗಿದೆ ಸರ್. ಮೂರನೇ ಸಾಲಿನಲ್ಲಿ ‘ಹೋಳೆ’ ಅಂತ ಓದ್ತಿದೆ. ‘ಹೊಳೆ’ ಅಲ್ವಾ?”

ಹೊಳೆಯೇ. ಆಗಲೇ ತಿದ್ದಿದೆ.