ಎತ್ತರದ ಹೆರಿಟಬಿಲಿಟಿ 80% ಅಂದರೆ ನನ್ನ ಎತ್ತರದಲ್ಲಿ 80% ಅಪ್ಪ-ಅಮ್ಮನಿಂದ ಬಂದದ್ದಾ?

ಇಲ್ಲ. ಆ 80% ನಿಮ್ಮೊಬ್ಬರ ಲೆಕ್ಕವೇ ಅಲ್ಲ, ಇಡೀ ಗುಂಪಿನದು. ಜನರ ನಡುವೆ ಎತ್ತರದಲ್ಲಿ ಕಾಣುವ ವ್ಯತ್ಯಾಸದಲ್ಲಿ ಎಷ್ಟು ಪಾಲು ಅವರ ಜೀನ್‌ಗಳ ವ್ಯತ್ಯಾಸದಿಂದ ಬಂದಿದೆ ಅನ್ನುವುದನ್ನು ಹೆರಿಟಬಿಲಿಟಿ ಹೇಳುತ್ತದೆ. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಎತ್ತರಕ್ಕೆ ಇದು ಸುಮಾರು 80% ಬಂದಿದೆ.

ನಮ್ಮ ಜಯನಗರದ ಮನೆಯ ತಾರಸಿ ನೆನೆಸಿಕೊಳ್ಳಿ. ಬೇರೆ ಬೇರೆ ತಳಿಯ ಟೊಮೆಟೊ ಬೀಜ ಬೆರೆಸಿ 20 ಕುಂಡಗಳಲ್ಲಿ ಹಾಕಿದೆವು ಅಂದುಕೊಳ್ಳೋಣ. ಎಲ್ಲಕ್ಕೂ ಒಂದೇ ಮಣ್ಣು, ಒಂದೇ ಬಿಸಿಲು, ದಿನಾ ಒಂದೊಂದು ಚೊಂಬು ನೀರು. ಆಗ ಒಂದು ಗಿಡ ಮೊಣಕಾಲುದ್ದ, ಇನ್ನೊಂದು ಸೊಂಟದುದ್ದ ಬೆಳೆದರೆ ಆ ವ್ಯತ್ಯಾಸ ಹೆಚ್ಚುಕಮ್ಮಿ ಪೂರ್ತಿ ಬೀಜದ್ದೇ, ಅಲ್ವಾ? ಹೆರಿಟಬಿಲಿಟಿ ಜಾಸ್ತಿ. ಈಗ ಅದೇ ಬೀಜಗಳನ್ನೇ ಮತ್ತೆ ಹಾಕಿ, ಬೇಸಿಗೆಯಲ್ಲಿ ಟ್ಯಾಂಕರ್ ಬರಲಿಲ್ಲ ಅಂತ ಅರ್ಧ ಕುಂಡಗಳಿಗೆ ಮಾತ್ರ ನೀರು ಕಡಿಮೆ ಮಾಡಿದರೆ, ಅವು ಸೊರಗಿ ಕುಳ್ಳಗಾಗುತ್ತವೆ, ವ್ಯತ್ಯಾಸದ ದೊಡ್ಡ ಪಾಲು ನೀರಿನದಾಗುತ್ತದೆ, ಹೆರಿಟಬಿಲಿಟಿ ಇಳಿಯುತ್ತದೆ. ಒಂದು ಜೀನೂ ಬದಲಾಗಿಲ್ಲ!

ನನಗೆ ಇದು ಮನದಟ್ಟಾಗಿದ್ದು ಕೈಬೆರಳಿನಿಂದ. ಐದು ಬೆರಳು ಮೂಡಿಸುವುದು ಜೀನ್‌ಗಳೇ. ಆದರೆ ಜನರಲ್ಲಿ ಬೆರಳಿನ ಸಂಖ್ಯೆ ಬೇರೆಯಾಗುವುದು ಬಹುತೇಕ ಅಪಘಾತಗಳಿಂದ, ಹಾಗಾಗಿ ಅದರ ಹೆರಿಟಬಿಲಿಟಿ ತೀರಾ ಕಡಿಮೆ.