ರೆಸಾರ್ಟಿಗೆ ಹೋದ 83ರ ಶಾಸಕ

ಓದುಗರ ಪತ್ರ: ಕಳೆದ ಸಂಚಿಕೆಯ ಪುಟದಂಚಿನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಫ್ರೆಡ್ ರಿಸರ್ 64 ವರ್ಷ ಸೆನೆಟರ್ ಆಗಿದ್ದರೆಂದು ಮೆಚ್ಚಿ ಬರೆದಿದ್ದೀರಿ. ಅಷ್ಟು ವರ್ಷ ಕುರ್ಚಿ ಬಿಡದವರನ್ನು ಹೊಗಳಬೇಕೇ? ಅಪ್ಪ, ಅಜ್ಜ ಕೂಡ ಶಾಸಕರಂತೆ. ಒಮ್ಮೆಯೂ ಮಂತ್ರಿಯಾಗದ ಮನುಷ್ಯ ಅಷ್ಟು ಕಾಲ ಮಾಡಿದ್ದಾದರೂ ಏನು? ಇವರೂ ರೆಸಾರ್ಟ್ ಯಾತ್ರೆ ಮಾಡಿದವರೇ ಎಂದು ಅಲ್ಲೇ ಇರುವ ಮಗಳು ಹೇಳಿದಳು. ನಿಜವೇ?
– ಓದುಗರೊಬ್ಬರು, ಶಿರಸಿ

ಸಂಪಾದಕರ ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ರೆಸಾರ್ಟ್ ಎಂಬ ಪದ ಕಿವಿಗೆ ಬಿದ್ದರೆ ನಮ್ಮವರಿಗೆ ಬಿಡದಿಯೋ ಮುಂಬೈಯೋ ನೆನಪಾಗುವುದು ಸಹಜ. ಆದರೆ ಇದರ ಕಥೆ ಬೇರೆ.

2011ರ ಫೆಬ್ರವರಿ. ಆಗಷ್ಟೇ ಗವರ್ನರ್ ಆಗಿದ್ದ ರಿಪಬ್ಲಿಕನ್ ಪಕ್ಷದ ಸ್ಕಾಟ್ ವಾಕರ್, ಸರ್ಕಾರಿ ನೌಕರರ ಸಂಘಗಳು ಸರ್ಕಾರದ ಜೊತೆ ಚೌಕಾಸಿ ಮಾಡುವ ಹಕ್ಕನ್ನು ಬಹುಪಾಲು ಕಿತ್ತುಕೊಳ್ಳುವ ಮಸೂದೆ ತಂದರು. ಪೊಲೀಸರು, ಅಗ್ನಿಶಾಮಕದವರಿಗೆ ವಿನಾಯಿತಿ. ಪೆಟ್ಟು ಬಿದ್ದದ್ದು ಶಾಲಾ ಶಿಕ್ಷಕರಂಥವರಿಗೆ. ರಾಜ್ಯದ ಮೇಲ್ಮನೆಯಾದ ಸೆನೆಟ್‌ನಲ್ಲಿ ಒಟ್ಟು 33 ಸ್ಥಾನ. ರಿಪಬ್ಲಿಕನ್ನರು 19, ಡೆಮಾಕ್ರಾಟರು 14. ಮತಕ್ಕೆ ಹಾಕಿದರೆ ಸೋಲು ಖಂಡಿತ. ಆದರೆ ಹಣಕಾಸಿಗೆ ಸಂಬಂಧಿಸಿದ ಮಸೂದೆಗೆ ಅಲ್ಲಿನ ಸಂವಿಧಾನ ಐದರಲ್ಲಿ ಮೂರು ಪಾಲು ಕೋರಂ (ಸದನದಲ್ಲಿ ಹಾಜರಿರಲೇಬೇಕಾದ ಸದಸ್ಯರ ಸಂಖ್ಯೆ) ಕೇಳುತ್ತದೆ, ಅಂದರೆ 20 ಮಂದಿ. ಒಂದು ತಲೆ ಕಡಿಮೆ! ಫೆಬ್ರವರಿ 17ರಂದು ಆ 14 ಮಂದಿಯೂ ಗಡಿ ದಾಟಿ ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಊರಿನ ರೆಸಾರ್ಟ್ ಸೇರಿಕೊಂಡರು. ಅವರನ್ನು ಹಿಡಿದು ಸದನಕ್ಕೆ ಕರೆತರಬೇಕಾದ ವಿಸ್ಕಾನ್ಸಿನ್ ಪೊಲೀಸರ ಅಧಿಕಾರ ಗಡಿಯಾಚೆ ನಡೆಯದು. ಆ ಗುಂಪಿನಲ್ಲಿದ್ದ ರಿಸರ್‌ಗೆ ಆಗ 83 ವರ್ಷ.

ನಮ್ಮಲ್ಲಿ ಈ ಪಟ್ಟು ಹಾಕಲು ಸಾಧ್ಯವೇ ಇಲ್ಲ. ವಿಧಾನಸಭೆಯ ಕೋರಂ ಹತ್ತರಲ್ಲಿ ಒಂದು ಪಾಲು. 224ರಲ್ಲಿ 23 ಮಂದಿ ಕೂತಿದ್ದರೆ ಸಾಕು. ವಿರೋಧ ಪಕ್ಷ ಸಭಾತ್ಯಾಗ ಮಾಡಿದರೆ ಮಸೂದೆ ಇನ್ನೂ ಬೇಗ ಪಾಸಾಗುತ್ತದೆ. ನಮ್ಮವರು ರೆಸಾರ್ಟಿಗೆ ಹೋಗುವುದು ಸರ್ಕಾರ ಬೀಳಿಸಲು, ಇಲ್ಲವೇ ಬೀಳದಂತೆ ಕಾಯಲು. ಇವರು ಹೋದದ್ದು ಒಂದು ಮಸೂದೆ ತಡೆಯಲು, ಅದೂ ಪಕ್ಷ ಬಿಡದೆ.

ತಡೆದರೇ? ಇಲ್ಲ. ಮೂರು ವಾರ ಕಾದ ರಿಪಬ್ಲಿಕನ್ನರು ಮಸೂದೆಯಿಂದ ಹಣಕಾಸಿನ ಭಾಗ ತೆಗೆದುಹಾಕಿ, ಸಾಮಾನ್ಯ ಕೋರಂನಲ್ಲೇ ಮಾರ್ಚ್ 9ರಂದು 18–1ರಲ್ಲಿ ಪಾಸು ಮಾಡಿಕೊಂಡರು. ವಿರುದ್ಧ ಬಿದ್ದ ಆ ಒಂದು ಮತ ರಿಪಬ್ಲಿಕನ್ ಪಕ್ಷದವರೇ ಆದ ಡೇಲ್ ಶುಲ್ಟ್ಜ್ ಅವರದು. ವಿಪ್ ಮೀರಿದರೆ ಸದಸ್ಯತ್ವಕ್ಕೇ ಕುತ್ತು ಬರುವ ನಮಗೆ ಈ ‘1’ ಸ್ವಲ್ಪ ಹೊಟ್ಟೆಕಿಚ್ಚು ತರಿಸಬೇಕು. ಮೂರು ದಿನಕ್ಕೆ 14 ಮಂದಿ ಮರಳಿದಾಗ ರಾಜಧಾನಿ ಮ್ಯಾಡಿಸನ್ನಿನಲ್ಲಿ ಜನಸಾಗರ ಸೇರಿತ್ತು. ಆದರೆ ಕಾನೂನಿಗೆ ಅಷ್ಟರಲ್ಲಿ ಸಹಿ ಬಿದ್ದಿತ್ತು. ಸದನ ಬಿಟ್ಟು ಓಡಿದ್ದು ಸರಿಯೇ ಎಂದು ನೀವು ಕೇಳಿಲ್ಲ. ಕೇಳಿದ್ದರೆ, ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ ಎನ್ನುತ್ತಿದ್ದೆ. ಆದರೂ ಆ ಮೂರು ವಾರಗಳಲ್ಲಿ ಇಡೀ ರಾಜ್ಯ ಮಸೂದೆಯನ್ನು ಸಾಲುಸಾಲಾಗಿ ಓದಿತು. ನಮ್ಮಲ್ಲಿ ಗದ್ದಲದ ನಡುವೆ ಐದೇ ನಿಮಿಷಕ್ಕೆ ಪಾಸಾಗುವ ಮಸೂದೆಗಳಿಗೆ ಆ ಭಾಗ್ಯವಿಲ್ಲ.

ಇನ್ನು ಮಂತ್ರಿಗಿರಿ. ನಮಗೆ ಶಾಸಕನೆಂದರೆ ಮಂತ್ರಿಯಾಗಲು ಸರದಿಯಲ್ಲಿ ನಿಂತವನು. ಅಲ್ಲಿ ಶಾಸನಸಭೆಯಲ್ಲಿ ಕೂತುಕೊಂಡೇ ಇಲಾಖೆ ನಡೆಸುವಂತಿಲ್ಲ; ಇಲಾಖೆ ಬೇಕಾದರೆ ಸೀಟು ಬಿಡಬೇಕು. ಹಾಗಾಗಿ ಮಸೂದೆ ಬರೆಯುವುದು, ಸಮಿತಿಯಲ್ಲಿ ಹೋರಾಡುವುದು, ಸೋತರೆ ಮುಂದಿನ ಅವಧಿಗೆ ಅದನ್ನೇ ಮತ್ತೆ ತರುವುದು, ಇಷ್ಟೇ ಕಸುಬು. ರಿಸರ್ ಹಲವು ಬಾರಿ ಸೆನೆಟ್ ಅಧ್ಯಕ್ಷರೂ ಆಗಿದ್ದರು. ಆದರೆ ನನಗೆ ಮುಖ್ಯವಾಗಿ ಕಾಣುವುದು ಅವರು ವರ್ಷಗಟ್ಟಲೆ ಬೆನ್ನುಹತ್ತಿದ ಧೂಮಪಾನ ನಿಷೇಧ. ವಿಸ್ಕಾನ್ಸಿನ್ ಅಂದರೆ ಬಿಯರಿನ ನಾಡು, ಊರೂರಿಗೂ ಬಾರು. ಬಾರಿನಲ್ಲಿ ಸಿಗರೇಟು ಸೇದಬೇಡಿ ಅನ್ನುವುದು ಅಲ್ಲಿ ಮತ ತರುವ ಮಾತಲ್ಲ. ಕೊನೆಗೂ 2010ರ ಜುಲೈ 5ರಿಂದ ಕಚೇರಿ, ಹೋಟೆಲು, ಬಾರು ಎಲ್ಲಕ್ಕೂ ನಿಷೇಧ ಜಾರಿಯಾಯಿತು. ವಯಸ್ಸಾದ ಮೇಲೂ ಸೈಕಲ್ ತುಳಿಯುತ್ತಿದ್ದ ಮನುಷ್ಯನಿಗೆ ಇದು ಒಪ್ಪುವ ಗೆಲುವೇ.

ವಂಶದ ವಿಚಾರದಲ್ಲಿ ನಿಮ್ಮ ಆಕ್ಷೇಪ ಅರ್ಧ ಒಪ್ಪುತ್ತೇನೆ. ಅಪ್ಪ, ಅಜ್ಜ ಮಾತ್ರವಲ್ಲ, ಮುತ್ತಜ್ಜ ಕೂಡ ಶಾಸಕರೇ. ಅಂತರ್ಯುದ್ಧದಲ್ಲಿ ಒಂದು ತೋಳು ಕಳೆದುಕೊಂಡಿದ್ದವರು. ತಮಾಷೆಯೆಂದರೆ ನಾಲ್ಕು ತಲೆಮಾರಿಗೆ ನಾಲ್ಕು ಪಕ್ಷ: ಮುತ್ತಜ್ಜ ಯೂನಿಯನಿಸ್ಟ್, ಅಜ್ಜ ರಿಪಬ್ಲಿಕನ್, ಅಪ್ಪ ಪ್ರೋಗ್ರೆಸಿವ್, ಇವರು ಡೆಮಾಕ್ರಾಟ್. ಮನೆತನದ ಹೆಸರು ಕೈಹಿಡಿದಿರಬಹುದು, ಪಕ್ಷವಂತೂ ಬಳುವಳಿಯಾಗಿ ಬಂದದ್ದಲ್ಲ. ಅದಕ್ಕಿಂತ ದೊಡ್ಡ ಅನುಕೂಲ ಕ್ಷೇತ್ರದ್ದು. ವಿಶ್ವವಿದ್ಯಾಲಯದ ಊರಾದ ಮ್ಯಾಡಿಸನ್ ಡೆಮಾಕ್ರಾಟರ ಭದ್ರಕೋಟೆ. ಅಲ್ಲಿ ಬೇರೂರಿದವರನ್ನು ಅಲುಗಿಸುವುದು ಕಷ್ಟ.

ಕುರ್ಚಿ ಬಿಡಿಸುವ ಕಾನೂನೂ ಕೆಲವು ರಾಜ್ಯಗಳಲ್ಲಿದೆ. ಕ್ಯಾಲಿಫೋರ್ನಿಯಾ, ಮಿಷಿಗನ್‌ಗಳಲ್ಲಿ ಇಷ್ಟು ವರ್ಷದ ನಂತರ ನಿಲ್ಲುವಂತಿಲ್ಲ ಎಂಬ ಮಿತಿಯಿದೆ, ವಿಸ್ಕಾನ್ಸಿನ್‌ನಲ್ಲಿ ಇಲ್ಲ. ಅಂದಹಾಗೆ, ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ ಮಿಷಿಗನ್ ಶಾಸನಸಭೆಯಲ್ಲಿದ್ದದ್ದು ಒಂದೇ ಅವಧಿ. 2023ಕ್ಕೆ ವಾಷಿಂಗ್ಟನ್ನಿನ ಕಾಂಗ್ರೆಸ್ ಸದಸ್ಯ. ಒಬ್ಬರಿಗೆ ಮೆಟ್ಟಿಲಾದದ್ದು ಇನ್ನೊಬ್ಬರಿಗೆ ಮನೆಯೇ ಆಗಿತ್ತು. 1956ರ ನವೆಂಬರ್ 1ಕ್ಕೆ ನಮ್ಮ ರಾಜ್ಯ ಏಕೀಕರಣವಾಯಿತಲ್ಲ, ಅದಾಗಿ ಐದೇ ದಿನಕ್ಕೆ ರಿಸರ್ ಮೊದಲ ಚುನಾವಣೆ ಗೆದ್ದರು. ಆಗ ಐಸನ್‌ಹೋವರ್ ಅಧ್ಯಕ್ಷರು. ಅಲ್ಲಿಂದ ಟ್ರಂಪ್‌ವರೆಗೆ 12 ಅಧ್ಯಕ್ಷರನ್ನು ಕಂಡು, 2021ರ ಜನವರಿಯಲ್ಲಿ 93ನೇ ವಯಸ್ಸಿನಲ್ಲಿ, ಸೋತಲ್ಲ, ತಾವಾಗಿಯೇ ಹೊರನಡೆದರು. ಅಮೆರಿಕದ ರಾಜ್ಯ ಶಾಸಕರಲ್ಲಿ ಇಷ್ಟು ದೀರ್ಘಕಾಲ ಕೂತವರು ಬೇರೆ ಯಾರೂ ಇಲ್ಲ.

ಕೊನೆಗೆ ನಮ್ಮದೇ ಒಂದು ತಪ್ಪೊಪ್ಪಿಗೆ. ‘64 ವರ್ಷ ಸೆನೆಟರ್’ ಎಂದು ನಾವು ಅಚ್ಚುಮಾಡಿದ್ದು ಸರಿಯಲ್ಲ. ಮೊದಲ ಸುಮಾರು ಆರು ವರ್ಷ ಅವರು ಇದ್ದದ್ದು ಕೆಳಮನೆ ಅಸೆಂಬ್ಲಿಯಲ್ಲಿ. ಸೆನೆಟ್‌ಗೆ ಬಂದದ್ದು 1962ರಲ್ಲಿ. ಓದುಗರು ತಿದ್ದಿಕೊಳ್ಳಬೇಕು.