ಬೇಸಿಗೆಯಲ್ಲಿ ವಿಶ್ವವಿದ್ಯಾಲಯದ ಆರೋಗ್ಯ ಅಧ್ಯಯನ ಕೋರ್ಸ್ ಮಾಡಿದರೆ ಉಪಯೋಗವಿದೆಯೇ?

ಖಂಡಿತ ಇದೆ, ಆಯ್ಕೆ ಸರಿಯಾಗಿದ್ದರೆ.

ಎಪಿಡೆಮಿಯಾಲಜಿ (ಜನಸಮುದಾಯದಲ್ಲಿ ರೋಗಗಳು ಯಾರಿಗೆ, ಎಷ್ಟು, ಏಕೆ ಬರುತ್ತವೆ ಎಂಬ ಅಧ್ಯಯನ) ಅಥವಾ ಜೈವಿಕ ಸಂಖ್ಯಾಶಾಸ್ತ್ರದ (ಆರೋಗ್ಯದ ಅಂಕಿಅಂಶಗಳನ್ನು ವಿಶ್ಲೇಷಿಸುವ ಶಾಸ್ತ್ರ) ಪರಿಚಯ ಕೋರ್ಸನ್ನೇ ಮೊದಲು ತೆಗೆದುಕೊಳ್ಳಿ ಎನ್ನುತ್ತೇನೆ. ‘ಈ ಔಷಧದಿಂದ ಅಪಾಯ ಅರ್ಧಕ್ಕಿಳಿಯಿತು’ ಎಂಬ ಸುದ್ದಿಯನ್ನೇ ನೋಡಿ. ಸಾವಿರ ಜನರಲ್ಲಿ ರೋಗಿಗಳ ಸಂಖ್ಯೆ 200ರಿಂದ 100ಕ್ಕೆ ಇಳಿದರೂ ಅರ್ಧವೇ, ಎರಡರಿಂದ ಒಂದಕ್ಕೆ ಇಳಿದರೂ ಅರ್ಧವೇ. ಮೊದಲನೆಯದರಲ್ಲಿ ನೂರು ಜನ ಪಾರಾದರು, ಎರಡನೆಯದರಲ್ಲಿ ಒಬ್ಬರು. ಈ ಅಂತರವನ್ನು ಗುರುತಿಸುವ ಕಣ್ಣು ಬಂದರೆ ಮುಂದೆ ನರ್ಸಿಂಗ್, ಪೌಷ್ಟಿಕ ವಿಜ್ಞಾನ, ಆರೋಗ್ಯ ನೀತಿ ಯಾವುದನ್ನು ಓದಿದರೂ ಕೈಹಿಡಿಯುತ್ತದೆ. ಅಂಗರಚನಾಶಾಸ್ತ್ರದಂಥ, ಪ್ರಯೋಗಾಲಯದಲ್ಲಿ ನಿಧಾನವಾಗಿ ಕಲಿಯಬೇಕಾದ ವಿಷಯಕ್ಕೆ ಬೇಸಿಗೆಯ ಅವಸರ ಒಗ್ಗುವುದಿಲ್ಲ.

ಸಮಯದ ಲೆಕ್ಕವನ್ನು ಹಗುರವಾಗಿ ಕಾಣಬೇಡಿ. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಓದು. ಐದು ಕ್ರೆಡಿಟ್‌ಗಳ ಕೋರ್ಸ್ ಮೂರು ವಾರಗಳಲ್ಲಿ ಮುಗಿಯುವುದಾದರೆ ವಾರಕ್ಕೆ 40 ಗಂಟೆಗೂ ಹೆಚ್ಚು ಬೇಕು. ಅದರ ಜೊತೆಗೆ ಪೂರ್ಣಾವಧಿ ನೌಕರಿ ನಿಭಾಯಿಸುವುದು ಕಷ್ಟ.

ಶುಲ್ಕ ಕಟ್ಟುವ ಮೊದಲು, ಸಿಗುವುದು ಕ್ರೆಡಿಟ್ಟೋ ಬರೀ ಹಾಜರಾತಿಯ ಪ್ರಮಾಣಪತ್ರವೋ ಎಂದು ವಿಚಾರಿಸಿ. ಕ್ರೆಡಿಟ್ ಆದರೆ, ಅದನ್ನು ಪದವಿಗೆ ಸೇರಿಸಿಕೊಳ್ಳುವುದಾಗಿ ನಿಮ್ಮ ವಿಭಾಗದಿಂದ ಲಿಖಿತ ಒಪ್ಪಿಗೆ ಪಡೆಯಿರಿ.